ನೆನೆದ ಓಟಿನ ಚೀಟಿ

ಮೊಮ್ಮಗಳು ಮೊದಲ ಸಲ ಓಟು ಹಾಕಿ ಬಂದು, ಶಾಯಿ ಹಚ್ಚಿದ ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದಿದ್ದಾಳೆ. ಹಿಗ್ಗಿನಲ್ಲಿ ನನ್ನ ಮಾತೇ ನಿಲ್ಲುತ್ತಿಲ್ಲ.

ನಾನು ಚಿಕ್ಕವಳಿದ್ದಾಗ ಒಂದು ಓಟಿನ ದಿನ ಇದೇ ವಾಸನೆ ಚಾಮರಾಜಪೇಟೆಯ ಛತ್ರದಲ್ಲಿತ್ತು. ಕಾಲುವೆ ಉಕ್ಕಿ ನಮ್ಮ ಮನೆಗೂ, ಓಟು ಹಾಕುವ ಶಾಲೆಗೂ ನೀರು ನುಗ್ಗಿತ್ತು. ಓಟು ಹಾಕುವ ಜಾಗವನ್ನು ಛತ್ರಕ್ಕೆ ಬದಲಾಯಿಸಿದ್ದು ನಮಗೆ ಗೊತ್ತಾಗುವಷ್ಟರಲ್ಲಿ ಸಂಜೆಯಾಗಿತ್ತು. ಅವ್ವ ನನ್ನನ್ನು ಸೊಂಟಕ್ಕೇರಿಸಿಕೊಂಡು ಮೊಣಕಾಲುದ್ದ ಕೆಸರಿನಲ್ಲಿ ನಡೆದಳು. ರವಿಕೆಯೊಳಗಿದ್ದ ಓಟಿನ ಚೀಟಿ ಮಳೆಗೆ ನೆನೆದು ಮುದ್ದೆಯಾಗಿ, ಅಕ್ಷರ ಅಳಿಸಿಹೋಗಿತ್ತು.

“ಪಟ್ಟಿಲಿ ಮೂರು ಜನ ಲಕ್ಷ್ಮಮ್ಮ ಇದಾರೆ. ಗಂಡನ ಹೆಸರು ಹೇಳಮ್ಮ,” ಎಂದರು ಮೇಜಿನ ಹಿಂದಿದ್ದವರು.

ಅಪ್ಪನ ಹೆಸರನ್ನು ಅವ್ವ ಯಾವತ್ತೂ ಬಾಯಲ್ಲಿ ಆಡಿದವಳಲ್ಲ. ನನ್ನ ತೊಡೆ ಚಿವುಟಿ, “ನೀನ್ ಹೇಳೇ,” ಎಂದಳು.

“ಮಗು ಹೇಳಿದ್ರೆ ನಡೆಯಲ್ಲ. ಬಾಗಿಲು ಹಾಕೋ ಹೊತ್ತಾಯ್ತು.”

“ಸ್ವಾಮಿ, ಮನೆ ನೀರಲ್ಲಿ ಹೋಯ್ತು. ಓಟೂ ಹೋದ್ರೆ ನಮ್ಮನ್ನ ಯಾರ್ ಕೇಳ್ತಾರೆ?”

“ಬೇಗ ಹೇಳ್ ತಾಯಿ, ನಿನ್ ಜೊತೆ ನಮ್ದೂ ಹೋಗ್ತದೆ,” ಎಂದು ಹಿಂದಿದ್ದ ಮುದುಕಿ ಗೊಣಗಿದಳು.

ಅವ್ವ ಒದ್ದೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಕಣ್ಣು ಮುಚ್ಚಿ, “ಮುನಿಯಪ್ಪ,” ಎಂದಳು.

ಓಟು ಹಾಕಿ ಹೊರಗೆ ಬಂದವಳು ನನ್ನ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: “ನಿಮ್ಮಪ್ಪಂಗೆ ಹೇಳ್ಬೇಡ ಕಣೆ.”