ಕಮಾಂಡ್‌ನಿಂದ ಬಂದವರು

ಹಸಿರು ಜೀಪು ಅಂಗಳದ ಮುಂದೆ ನಿಂತಾಗ ಹನ್ನೊಂದಕ್ಕೆ ಐದು ನಿಮಿಷ ಬಾಕಿಯಿತ್ತು. ವಿಶಾಖಾ ಬುದ್ಧನ ಪಟದ ಕೆಳಗಿನ ಗಡಿಯಾರ ನೋಡಿದಳು. ಆಮೇಲೆ ಒಳಕೋಣೆಯ ಕಡೆ ನೋಡಿದಳು. ಅಲ್ಲಿ ಜೋಳದ ಚೀಲಗಳ ಹಿಂದೆ ಅವಳ ಗಂಡ ಅಜೀತ ಕುಳಿತಿದ್ದ.

"ಕಮಾಂಡ್‌ನಿಂದ ಬಂದೀವ್ರಿ!" ಹೊರಗಿನ ದನಿ ಇಡೀ ಓಣಿಗೆ ಕೇಳುವಂತಿತ್ತು. "ಅಜೀತ ಅವರ ಮನಿ ಇದೇ ಏನ್ರಿ?"

ಅತ್ತೆ ಅಂಬುಬಾಯಿಯ ಕೈಯಿಂದ ಮೊರ ಜಾರಿತು. ಹೆಸರುಕಾಳು ನೆಲದ ತುಂಬ ಚೆಲ್ಲಿತು.

ಅಜೀತ ಸಿಪಾಯಿ. ಮಗಳು ಹುಟ್ಟಿದಳೆಂದು ಇಪ್ಪತ್ತು ದಿನದ ರಜೆಯ ಮೇಲೆ ದುಬಲಗುಂಡಿಗೆ ಬಂದಿದ್ದ. ರಜೆ ಮುಗಿದು ಇವತ್ತಿಗೆ ಇಪ್ಪತ್ತೇಳು ದಿನ. ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟ ಮೇಲೆ ಉಳಿದ ಕೂಸು ಇದು. ದಿನಾ ಬೆಳಿಗ್ಗೆ ಅದರ ಮುಖ ನೋಡಿ "ನಾಳೆ ಹೋಗ್ತೀನಿ" ಎನ್ನುತ್ತಿದ್ದ. ಫೋನು ಬಂದ್ ಮಾಡಿದ್ದ. ಅವನು ಎಂದೋ ಹೋದನೆಂದು ಅಂಬುಬಾಯಿ ಓಣಿಗೆಲ್ಲ ಹೇಳಿಬಿಟ್ಟಿದ್ದಳು. ಅಂದಿನಿಂದ ಅವನಿಗೆ ಅಂಗಳವೂ ಇಲ್ಲ, ಕಿಟಕಿಯೂ ಇಲ್ಲ. ಅವನು ಕೆಮ್ಮಿದರೆ ಮನೆಯ ಹೆಂಗಸರು ಕೆಮ್ಮುತ್ತಿದ್ದರು.

ಮೂವತ್ತು ದಿನ ದಾಟಿದರೆ ವಿಚಾರಣೆ. ಹೆಸರಿನ ಮುಂದೆ 'ಓಡಿಹೋದವನು' ಎಂದು ಬರೆಯುತ್ತಾರೆ. ಆಮೇಲೆ ಪೊಲೀಸರು, ಜೈಲು. ಅದಕ್ಕೆ ಮೊದಲು ತಾನಾಗಿ ಹೋಗಿ ನಿಂತರೆ ಶಿಕ್ಷೆ ಸಣ್ಣದು. ಇದನ್ನೆಲ್ಲ ಹೇಳಿದವನು ಅವನೇ. ರೈಲಿಗೇ ಎರಡು ದಿನ ಬೇಕು ಎಂದವನೂ ಅವನೇ.

ಕೆಲವು ದಿನಗಳ ಹಿಂದೆ ವಿಶಾಖಾ ಗೋಗರೆದಾಗ ಅವನು ಮೂಲೆಯ ಅಡಕಲ ಗಡಿಗೆಗಳನ್ನು ತೋರಿಸಿ ನಕ್ಕಿದ್ದ. ತುದಿಯ ಕುಡಿಕೆ ಉತ್ತರ ಕಮಾಂಡ್, ಅಲ್ಲೊಬ್ಬ ಲೆಫ್ಟಿನೆಂಟ್ ಜನರಲ್. ಅದರ ಕೆಳಗೆ ಕೋರ್, ಡಿವಿಜನ್, ಬ್ರಿಗೇಡ್, ಬೆಟಾಲಿಯನ್. ಎಲ್ಲದರ ತಳದಲ್ಲಿ, ಎಲ್ಲದರ ಭಾರ ಹೊತ್ತ ದೊಡ್ಡ ಗಡಿಗೆ.

"ಅದು ನಾನು. ತುದಿ ಕುಡಿಕಿಗೆ ತಳದ ಗಡಿಗಿ ಎಲ್ಲಿ ಕಾಣಬೇಕು? ಕಮಾಂಡ್‌ನವರೇ ಬಾಗಿಲಿಗೆ ಬಂದು ಹೆಸರು ಹಿಡಿದು ಕರೀಲಿ. ಆ ನಿಮಿಷ ಹೋಗ್ತೀನಿ, ತಗೋ."

ಈಗ ಬಾಗಿಲಿಗೆ ಬಂದಿದ್ದರು.

ಬಂದವನಿಗೆ ಐವತ್ತರ ಆಸುಪಾಸು. ಖಾಕಿ ಪ್ಯಾಂಟು, ಕೊರಳಲ್ಲಿ ಗುರುತಿನ ಚೀಟಿ. ಹೆಸರು ಶಂಶುದ್ದೀನ್ ಎಂದ. ಅವನ ಹಿಂದೆ ಚಾಲಕ, ಹಸಿರು ಬಟ್ಟೆ ಸುತ್ತಿದ ಉದ್ದನೆಯದೊಂದನ್ನು ಜೀಪಿನಿಂದ ಜೋಪಾನವಾಗಿ ಇಳಿಸುತ್ತಿದ್ದ.

"ಹೊಲಕ್ಕ ಹೋಗ್ಯಾನ್ರಿ," ಎಂದಳು ಅಂಬುಬಾಯಿ.

"ಡ್ಯೂಟಿಗೆ ಹೋಗ್ಯಾರ್ರಿ," ಎಂದಳು ವಿಶಾಖಾ, ಅದೇ ಉಸಿರಿನಲ್ಲಿ.

ಶಂಶುದ್ದೀನ್ ಇಬ್ಬರನ್ನೂ ನೋಡಿದ. "ಹೊಲದಾಗೇ ಡ್ಯೂಟಿ ಏನ್ರಿ ಅವರದು?"

"ಕೂಡ್ರಿ. ಚಹಾ ತರ್ತೀನಿ," ಎಂದು ವಿಶಾಖಾ ಒಳಗೆ ಬಂದಳು.

ಅಜೀತನ ಮುಖ ಸುಣ್ಣವಾಗಿತ್ತು. "ಜೀಪು ಹಸಿರೇನು?"

"ಹಸಿರೇ."

"ಖರೇನೇ ಕಮಾಂಡ್ ಅಂದ್ರಾ?"

"ಓಣಿಗೆಲ್ಲ ಕೇಳ್ಯದ, ನಿಮಗ ಕೇಳಿಲ್ಲ? ಹಿಡಿದು ಒಯ್ದ್ರ ಕೈದಿ. ನೀವಾಗೇ ಹೋದ್ರ ಸಿಪಾಯಿ. ಹನ್ನೊಂದೂವರೆಗೆ ಹುಮನಾಬಾದ ಬಸ್ಸದ."

ಅವನ ಪ್ರಯಾಣದ ಚೀಲ ಹಿತ್ತಲ ಬಾಗಿಲ ಬಳಿ ಇತ್ತು. ಒಳಗೆ ಇಸ್ತ್ರಿಯಾದ ಯೂನಿಫಾರ್ಮು. ಮೇಲೆ ರೊಟ್ಟಿಯ ಗಂಟು, ಇನ್ನೂ ಬೆಚ್ಚಗಿತ್ತು. ಇಷ್ಟು ರೊಟ್ಟಿ ಯಾರಿಗೆ ಬಡದಿ ಎಂದು ಅತ್ತೆ ಬೆಳಿಗ್ಗೆ ಬೈದಿದ್ದಳು.

ಅವನು ತೊಟ್ಟಿಲ ಬಳಿ ಹೋದ. ವಿಶಾಖಾ ತಿರುಗಿ ನೋಡದೆ ತಟ್ಟೆ ಹಿಡಿದು ಹೊರಗೆ ಬಂದಳು.

"ಇನ್ನೊಬ್ಬ ಅದಾನ್ರಿ, ಯುನೂಸ್," ಶಂಶುದ್ದೀನ್ ಕಪ್ಪು ಎತ್ತಿಕೊಂಡ. "ನಿಮ್ಮ ಹಿತ್ತಲಿನ್ಯಾಗ ನಿಲ್ಲಿಸೀನಿ, ಕೋಲು ಕೊಟ್ಟು. ಆ ಕಡಿಂದ ಲೈನ್ ತಪ್ಪಬಾರದಲ್ಲ."

ಇದೊಂದನ್ನು ಅವಳು ಎಣಿಸಿರಲಿಲ್ಲ. ಹಿತ್ತಲಲ್ಲಿ ಕೋಲು ಹಿಡಿದವನನ್ನು ಕಂಡರೆ ಅಜೀತ ಮತ್ತೆ ಚೀಲಗಳ ಹಿಂದೆ ಸೇರುತ್ತಾನೆ. ಇನ್ನು ಹೊರಗೆ ಬರುವವನಲ್ಲ.

"ಅಯ್ಯ, ಬಿಸಲಾಗ ನಿಂತಾರ! ಕರೀರಿ ಅವರಿಗೂ. ಚಹಾ ಆರ್ತದ."

"ಕೆಲಸದ ಮ್ಯಾಲ ಅದಾನ್ರಿ ಅಂವ."

"ಮೊದಲ ಸಲ ಬಂದೀರಿ. ಒಬ್ಬರು ಚಹಾ ಬಿಟ್ಟು ಹೋದ್ರೂ ನಮ್ಮತ್ತಿ ನನಗ ಕೋರ್ಟ್ ಮಾರ್ಷಲ್ ಮಾಡ್ತಾರ."

ಅಂಬುಬಾಯಿ ಆ ಮಾತಿಗೇ ಬೆಚ್ಚಿದಳು. ಶಂಶುದ್ದೀನ್ ನಕ್ಕು ಸಿಳ್ಳೆ ಹಾಕಿದ. ಯುನೂಸ್ ಆಳೆತ್ತರದ ಕೋಲು ಹೆಗಲಿಗೇರಿಸಿ ಮನೆ ಸುತ್ತಿ ಮುಂದಿನ ಅಂಗಳಕ್ಕೆ ಬಂದ.

ಹನ್ನೊಂದೂ ಇಪ್ಪತ್ತು. ವಿಶಾಖಾ ಚಹಾ ಬಗ್ಗಿಸುತ್ತಿದ್ದಳು, ಕಿವಿ ಮಾತ್ರ ಹಿತ್ತಲ ಬಾಗಿಲಿನ ಚಿಲಕದ ಮೇಲಿತ್ತು. ಒಳಗೆ ತೊಟ್ಟಿಲು ಇನ್ನೂ ತೂಗುತ್ತಿತ್ತು. ಕಿರ್ರ್. ಕಿರ್ರ್. ಆಮೇಲೆ ನಿಂತಿತು. ಸದ್ದಿಲ್ಲ.

ಚಿಲಕ ಸರಿಯಿತು.

ಅಂಬುಬಾಯಿ ಜೋರಾಗಿ ಕೆಮ್ಮಿದಳು.

"ಔಷಧ ತಗೋರಿ ಮಾಯಿ," ಎಂದ ಯುನೂಸ್, ಸಕ್ಕರೆ ಕೇಳುತ್ತಾ.

ಹನ್ನೊಂದೂವರೆ ದಾಟಿ ನಾಲ್ಕು ನಿಮಿಷಕ್ಕೆ ತಿರುವಿನಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಬಸ್ಸು ನಿಂತಿತು. ಹೊರಟಿತು. ಆ ಸದ್ದು ಹುಮನಾಬಾದಿನ ಕಡೆ ಪೂರ್ತಿ ಕರಗುವವರೆಗೆ ವಿಶಾಖಾ ಕಿವಿಗೊಟ್ಟು ನಿಂತಳು. ಆಮೇಲೆ ಚೆಲ್ಲಿದ ಹೆಸರುಕಾಳಿನ ನಡುವೆಯೇ ಕುಳಿತಳು. ಸೆರಗಿನಿಂದ ಕಣ್ಣೊತ್ತಿಕೊಂಡಳು.

ಶಂಶುದ್ದೀನ್ ಕಪ್ಪು ಕೆಳಗಿಟ್ಟು, ಬಗಲಲ್ಲಿದ್ದ ಹೊಲದ ನಕಾಶೆಯನ್ನು ನೆಲದ ಮೇಲೆ ಬಿಚ್ಚಿದ. ಚಾಲಕ ಹಸಿರು ಬಟ್ಟೆ ಬಿಚ್ಚಿ ಅಳತೆಯ ಮುಕ್ಕಾಲಿ ಹೊರತೆಗೆದ.

"ಅಕ್ಕೋರೇ, ನಾವು ಕಾಲುವಿ ಸರ್ವೇದವರು, ಕಾಲುವಿ ನೀರು ಮುಟ್ಟೋ ಹೊಲಕ್ಕ ಕಮಾಂಡ್ ಏರಿಯಾ ಅಂತೀವಿ, ಅದು ಖರೆ. ಆದ್ರ ಹೊಲ ನಿಮ್ಮತ್ತಿ ಹೆಸರಿಲೆ ಅದ. ಮತ್ತ ಹನ್ನೊಂದಕ್ಕೇ ಬರ್ರಿ, ಬಾಗಿಲದಾಗ ನಿಂತು 'ಕಮಾಂಡ್‌ನಿಂದ ಬಂದೀವಿ' ಅಂತ ಒದರ್ರಿ, ಅಜೀತನ ಹೆಸರೇ ಹಿಡೀರಿ ಅಂತ ಮೂರು ದಿನದಿಂದ ಯಾಕ ಫೋನ್ ಮಾಡಾಕತ್ತಿದ್ರಿ?"