ನಾಲ್ಕನೇ ಪ್ಲೇಟು

"ಅಲ್ಲೇ ನಿಲ್ಲು! ಇನ್ನೊಂದು ಹೆಜ್ಜೆ ಮುಂದಿಟ್ರೆ ಹೊಡೆದುಬಿಡ್ತೀನಿ!"

ಸ್ಪ್ಯಾನರ್ ಎರಡೂ ಕೈ ಮೇಲೆತ್ತಿ ಹೊಸ್ತಿಲಲ್ಲೇ ನಿಂತ. ಎದುರಿಗೆ ಭಾವ. ಕೈಯಲ್ಲಿ ಪಿಸ್ತೂಲಲ್ಲ, ಸ್ಯಾನಿಟೈಸರ್ ಸ್ಪ್ರೇ. ಹೆಗಲ ಮೇಲೆ ಒರೆಸುವ ನೀಲಿ ಬಟ್ಟೆ. ಬೆನ್ನ ಹಿಂದೆ ತೊಟ್ಟಿಲು, ತೊಟ್ಟಿಲಲ್ಲಿ ನೂರು ದಿನದ ಪಾಪು. ಲಾರಿ ಗ್ಯಾರೇಜಿನಲ್ಲಿ ಕೆಲಸ ಮಾಡಿ ಸ್ಪ್ಯಾನರ್ ಎಂದೇ ಹೆಸರಾದ ಈ ಸೋದರಮಾವ ನೂರು ದಿನವೂ ಅವಳನ್ನು ನೋಡಿದ್ದು ಹೊಸ್ತಿಲಿನಿಂದಲೇ. ಒಂದು ಸಲವೂ ಎತ್ತಿಕೊಂಡಿರಲಿಲ್ಲ.

"ಭಾವ, ಕೈ ತೊಳ್ಕೊಂಡೇ ಬಂದಿದೀನಿ. ಬೇಕಾದ್ರೆ ಮೂಸಿ ನೋಡಿ."

"ಮೊದಲು ಉಗುರು ನೋಡ್ಕೋ. ಆ ಮಸೀಲಿ ಒಂದು ಕಾದಂಬರಿ ಬರೀಬಹುದು."

"ಅದು ಗ್ರೀಸಿನ ಕಲೆ ಭಾವ. ಮಚ್ಚೆ ಥರ. ನನ್ನ ಜೊತೆನೇ ಹೋಗೋದು."

ಪಾಪು ಒಂದು ತಿಂಗಳು ಮೊದಲೇ ಹುಟ್ಟಿದ್ದಳು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದ್ದು ಎರಡೇ ಮಾತು: ಸೋಪು ಹಾಕಿ ಕೈ ತೊಳೆದು ಮುಟ್ಟಿ, ನೆಗಡಿ ಇದ್ದವರು ದೂರ ಇರಿ. ಆದರೆ ಭಾವನ ಕೆಲಸವೇ ಹಾಲಿನ ಡೈರಿಯ ಲ್ಯಾಬಿನಲ್ಲಿ ಕ್ರಿಮಿ ಹುಡುಕುವುದು. ಎರಡು ಮಾತು ಅವನ ಕೈಗೆ ಸಿಕ್ಕಿ ಇನ್ನೂರು ಕಾನೂನಾಗಿತ್ತು. ಅಕ್ಕ ದಿನಕ್ಕೆ ಮೂರು ಸಲ ಕುದಿಸಿ ಕುದಿಸಿ ಪಾಪುವಿನ ರಬ್ಬರ್ ಬಾತುಕೋಳಿಗೆ ಮೂಗೂ ಉಳಿದಿರಲಿಲ್ಲ, ಮೋರೆಯೂ ಉಳಿದಿರಲಿಲ್ಲ.

ಇವತ್ತು ಸ್ಪ್ಯಾನರ್‌ಗೂ ತಲೆ ಕೆಟ್ಟಿತು. "ಭಾವ, ಹಾಲಿಗೇ ನೀವು ಟೆಸ್ಟ್ ಮಾಡದೆ ಶಿಕ್ಷೆ ಕೊಡಲ್ಲ. ನನಗೆ ಮಾತ್ರ ಯಾಕೆ? ನನ್ನ ಕೈನೂ ಟೆಸ್ಟ್ ಮಾಡಿ. ಫೇಲಾದ್ರೆ, ಪಾಪು ಸ್ಕೂಲಿಗೆ ಸೇರೋವರೆಗೂ ಈ ಹೊಸ್ತಿಲು ದಾಟಲ್ಲ. ಪಾಸಾದ್ರೆ..." ಹಿನ್ನೆಲೆ ಸಂಗೀತಕ್ಕೆ ಸ್ವಲ್ಪ ಜಾಗ ಬಿಟ್ಟ. "ಎತ್ಕೋತೀನಿ."

ಭಾವನ ಕಣ್ಣು ಮಿನುಗಿತು. ಮರುದಿನ ಡೈರಿಯಿಂದ ಮುಚ್ಚಳದ ಪುಟ್ಟ ಪ್ಲೇಟುಗಳು ಬಂದವು. ಒಳಗೆ ಜೆಲ್ಲಿಯಂಥ ಪದರ. ಹತ್ತಿಕಡ್ಡಿಯನ್ನು ಕೈಗೆ ಸವರಿ ಅದರ ಮೇಲೆ ಎಳೆದು ಬೆಚ್ಚಗಿಟ್ಟರೆ, ಕಾಣದ ಕ್ರಿಮಿಗಳೆಲ್ಲ ಎರಡು ದಿನದಲ್ಲಿ ಚುಕ್ಕಿ ಚುಕ್ಕಿಯಾಗಿ ಮುಖ ತೋರಿಸುತ್ತವೆ. ಹೋಲಿಸಿ ನೋಡಲು ಅಕ್ಕನ ಕೈ, ಭಾವನ ಕೈ ಕೂಡ ಇರಲಿ ಎಂದಾಯಿತು.

"ಲ್ಯಾಬಲ್ಲಿ ಹೆಸರು ನೋಡಿ ಟೆಸ್ಟ್ ಮಾಡೋ ಪದ್ಧತಿ ಇಲ್ಲ," ಭಾವ ಅಕ್ಕನ ಕೈಗೆ ಹತ್ತಿಕಡ್ಡಿ ಕೊಟ್ಟು ಗೋಡೆಯ ಕಡೆ ತಿರುಗಿ ನಿಂತ. "ಕಡ್ಡಿ ನೀನೇ ಸವರು. ಪ್ಲೇಟಿನ ಮೇಲೆ ಬರೀ ನಂಬರ್ ಹಾಕು. ಯಾವುದು ಯಾರದ್ದು ಅಂತ ಚೀಟೀಲಿ ಬರ್ಕೊಂಡು ಬಚ್ಚಿಟ್ಕೋ. ಆಮೇಲೆ ಯಾರೂ ಮೋಸ ಅನ್ನಬಾರದು."

"ಆಯ್ತು. ಇನ್ನೊಂದು ಪ್ಲೇಟು ಕೊಡಿ. ನಾಲ್ಕು ಬೇಕು," ಅಕ್ಕ ಅಂದಳು.

"ಇರೋದು ಮೂರು ಜನ. ನಾಲ್ಕನೇದು ಯಾರಿಗೆ?"

"ಬರೀ ನಂಬರ್ ಅಂದ್ರಲ್ಲ, ಸುಮ್ನೆ ಗೋಡೆ ನೋಡಿ."

ಸ್ಪ್ಯಾನರ್ ಗ್ಯಾರೇಜಿನಿಂದ ತನ್ನ ಬ್ರಷ್ಷು, ಮರದ ಹೊಟ್ಟು ಬೆರೆಸಿದ ಸೋಪಿನ ಪುಡಿ ತಂದಿದ್ದ. ನಲ್ಲಿ ಬಿಟ್ಟು ಮೊಣಕೈವರೆಗೆ ತಿಕ್ಕಿದ, ಬೆರಳಿನ ಸಂದಿ ತಿಕ್ಕಿದ, ಉಗುರಿನ ಸಂದಿ ತಿಕ್ಕಿದ. ಎಂಜಿನ್ ಬಿಚ್ಚಿ ಜೋಡಿಸುವವನಿಗೆ ಯಾವ ಮೂಲೆಯನ್ನೂ ಬಿಟ್ಟು ಅಭ್ಯಾಸವಿಲ್ಲ. ಕೊನೆಗೆ ಅವನೂ ಗೋಡೆಯ ಕಡೆ ತಿರುಗಿ ಅಕ್ಕನ ಕಡ್ಡಿಗೆ ಕೈ ಚಾಚಿದ.

ಮೂರನೇ ದಿನ ಸಂಜೆ ನಾಲ್ಕೂ ಪ್ಲೇಟು ಊಟದ ಮೇಜಿನ ಮೇಲೆ ಸಾಲಾಗಿ ಕೂತವು. ಭಾವ ಕನ್ನಡಕ ಏರಿಸಿದ.

"ಒಂದನೇದು, ಎರಡೇ ಚುಕ್ಕಿ! ಆಹಾ, ಇದು ನಾನು. ಡೌಟೇ ಇಲ್ಲ. ಎರಡನೇದು ಪರವಾಗಿಲ್ಲ. ಮೂರನೇದು... ಥೂ, ಎಣಿಸೋಕೆ ಬೇಜಾರು. ನಾಲ್ಕು... ಅಯ್ಯಯ್ಯೋ! ಕಾಲಿಡೋಕೂ ಜಾಗ ಇಲ್ಲ, ಸಂತೆ ಸೇರಿದೆ! ಇಂಥ ಹಾಲು ಬಂದಿದ್ರೆ ಟ್ಯಾಂಕರ್ ಸಮೇತ ವಾಪಸ್ ಕಳಿಸ್ತಿದ್ದೆ. ಸ್ಪ್ಯಾನರ್, ಪಾಪು ಸ್ಕೂಲಿಗೆ ಸೇರಿದ ದಿನ ಸಿಗೋಣ."

ಸ್ಪ್ಯಾನರ್ ತೊಟ್ಟಿಲನ್ನೊಮ್ಮೆ ನೋಡಿ, ಚಪ್ಪಲಿ ಹುಡುಕಲು ಬಗ್ಗಿದ.

"ನಿಂತ್ಕೊಳೋ," ಅಕ್ಕ ಚೀಟಿ ಬಿಚ್ಚಿದಳು. "ಒಂದು, ನನ್ನ ತಮ್ಮ."

ಬಗ್ಗಿದವನು ಬಗ್ಗಿದಂತೆಯೇ ಉಳಿದ.

"ಎರಡು, ನಾನು. ಮೂರು, ನೀವು ರೀ."

"ನಾಲ್ಕು?" ಭಾವನ ದನಿ ಇಳಿದಿತ್ತು.

ಅಕ್ಕ ಬೆರಳು ಚಾಚಿ ಅವನ ಹೆಗಲು ತೋರಿಸಿದಳು. ಹಾವು ಕೂತಿದೆಯೇನೋ ಎಂಬಂತೆ ಭಾವ ಮೆಲ್ಲಗೆ ಕತ್ತು ತಿರುಗಿಸಿದ. ನೀಲಿ ಬಟ್ಟೆ! ಬಾಗಿಲ ಚಿಲಕದಿಂದ ತೊಟ್ಟಿಲ ಅಂಚಿನವರೆಗೆ, ಚಪ್ಪಲಿ ಗೂಡಿನಿಂದ ಹಾಲಿನ ಬಾಟಲಿಯವರೆಗೆ, ವಾರದಿಂದ ಮನೆಯನ್ನೆಲ್ಲ ಒರೆಸುತ್ತಿದ್ದ ಒಂದೇ ಒದ್ದೆ ಬಟ್ಟೆ.

"ಮನೇಲಿರೋದನ್ನೆಲ್ಲ ಕುದಿಸ್ದೆ," ಅಕ್ಕ ಅಂದಳು. "ಅದನ್ನ ಒಗೀತೀನಿ ಕೊಡಿ ಅಂದ್ರೆ, ಸ್ಪ್ರೇ ಹೊಡೆದಿರೋ ಬಟ್ಟೆಗೆ ಕೊಳೆ ಎಲ್ಲಿಂದ ಬರುತ್ತೆ ಅಂತಿದ್ರಿ."

ಭಾವ ಬಟ್ಟೆಯನ್ನು ಎರಡೇ ಬೆರಳಲ್ಲಿ ಎತ್ತಿ ಬಕೆಟ್ಟಿಗೆ ಹಾಕಿದ. ಆದರೂ ಲ್ಯಾಬಿನವನು. ಒಂದನೇ ಪ್ಲೇಟನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ಎಣಿಸಿದ. ಎರಡೇ. "ಪಾಸ್," ಅಂದ.

ಸ್ಪ್ಯಾನರ್ ನೇರ ತೊಟ್ಟಿಲಿಗೆ ನುಗ್ಗಲಿಲ್ಲ. ಮೊದಲು ನಲ್ಲಿಗೆ ಹೋಗಿ, ಸಿಳ್ಳೆ ಹಾಕುತ್ತಾ ಮತ್ತೆ ಮೊಣಕೈವರೆಗೆ ತಿಕ್ಕಿಕೊಂಡ. ಆಮೇಲೆ ನಿಧಾನವಾಗಿ, ಕಾಲರ್ ಸರಿಮಾಡಿಕೊಂಡು, ಹೀರೋ ಎಂಟ್ರಿಯ ಹೆಜ್ಜೆಯಲ್ಲಿ ನಡೆದುಬಂದು ಪಾಪುವನ್ನು ಎತ್ತಿಕೊಂಡ. ಅವಳು ಅವನ ಮುಖವನ್ನೇ ದಿಟ್ಟಿಸಿದಳು, ಮೀಸೆ ಹಿಡಿದು ಜಗ್ಗಿದಳು, ಬೊಚ್ಚುಬಾಯಿ ಬಿಟ್ಟು ನಕ್ಕಳು. ಲಾರಿಯನ್ನೇ ಜಾಕಿನಲ್ಲಿ ಎತ್ತುವವನು ಆ ನಾಲ್ಕೂವರೆ ಕಿಲೋಗೆ ಎರಡೂ ಕೈ ಆನಿಸಿ ನಿಂತ.

"ಸಾಕು ಸಾಕು, ಕೊಡಿಲ್ಲಿ ನನ್ನ ಮಗಳನ್ನ," ಭಾವ ಎರಡೂ ಕೈ ಚಾಚಿ ಬಂದ.

"ಅಲ್ಲೇ ನಿಲ್ಲಿ ಭಾವ!" ಸ್ಪ್ಯಾನರ್ ಪಾಪುವನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. "ನೀವು ಮೂರನೇ ನಂಬರ್."

ಭಾವ ನಲ್ಲಿಯ ಕೆಳಗೆ ನಿಂತು ಗ್ಯಾರೇಜಿನ ಬ್ರಷ್ಷಿನಲ್ಲಿ ಕೈ ತಿಕ್ಕತೊಡಗಿದ. ನೊರೆ ಮಣಿಕಟ್ಟು ದಾಟಿತು, ಮೊಣಕೈಗೆ ಬಂತು. ಪಾಪು ಮಾವನ ಹೆಗಲ ಮೇಲಿಂದ ಅದನ್ನೇ ನೋಡುತ್ತಿದ್ದಳು.

"ಉಗುರಿನ ಸಂದಿ, ಭಾವ," ಸ್ಪ್ಯಾನರ್ ಕೂಗಿದ. "ಉಗುರಿನ ಸಂದಿ!"