ಮೊರಿತಾ-ಸಾನ್ ಕಾರಿಗೆ ಆರತಿ

ಕರ್ಪೂರದ ವಾಸನೆ ಬಂದಾಗಲೆಲ್ಲ ನನಗೆ ದೇವರಿಗಿಂತ ಮೊದಲು ಜಪಾನಿನ ಕೋಬೆಯ ಒಂದು ಹಳೇ ಕಾರು ನೆನಪಾಗುತ್ತದೆ.

ಆಗ ಅಪ್ಪ ಅಲ್ಲಿ, ಎರಡು ಸಾವಿರನೇ ಇಸವಿ ಬಂದಾಗ ಕಂಪ್ಯೂಟರ್‌ಗಳು ಕೆಡದಂತೆ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಪಕ್ಕದ ಮನೆಯ ಮುದುಕ ಮೊರಿತಾ-ಸಾನ್ ಹತ್ತಿರ ಅವರ ತಂದೆ ಕೊಂಡಿದ್ದ ಅಮೆರಿಕನ್ ಕಾರಿತ್ತು. ಮರದ ಕಡ್ಡಿಗಳ ಚಕ್ರ, ಮುಂದೆ ತಿರುಗಿಸಿ ಸ್ಟಾರ್ಟ್ ಮಾಡುವ ಹ್ಯಾಂಡಲ್. ಅದನ್ನು ತಯಾರಿಸಿದ ಕಂಪನಿ ಯಾವತ್ತೋ ಮುಚ್ಚಿಹೋಗಿ ಬಿಡಿಭಾಗ ಸಿಗದೆ, ಕಾರನ್ನು ಮ್ಯೂಸಿಯಂಗೆ ಕೊಡಲು ಹೊರಟಿದ್ದರು. ಕೊನೆಯ ಸವಾರಿಗೆ ನಮ್ಮನ್ನೂ ಕರೆದರು.

ಮೈಸೂರಿಂದ ಬಂದಿದ್ದ ಅಜ್ಜಿ ಆ ಮಧ್ಯಾಹ್ನ ರೇಷ್ಮೆ ಸೀರೆ ಉಟ್ಟು, "ಹೊರಡೋ ಮುಂಚೆ ಒಂದು ಆರತಿ" ಅಂತ ಬಾನೆಟ್ ಮುಂದೆ ಕರ್ಪೂರ ಹಚ್ಚಿದರು. ಸೋರುವ ಪೆಟ್ರೋಲ್ ಟ್ಯಾಂಕಿನ ಪಕ್ಕ ಬೆಂಕಿ ಕಂಡ ಮೊರಿತಾ-ಸಾನ್, "ಸುಮಿಮಾಸೆನ್!", ಅಂದರೆ ಕ್ಷಮಿಸಿ, ಎಂದು ಕೂಗುತ್ತಲೇ ಒಂದು ಬಕೆಟ್ ನೀರು ಸುರಿದುಬಿಟ್ಟರು. ತಟ್ಟೆಯ ಜೊತೆ ಅಜ್ಜಿಯೂ ತೊಯ್ದರು.

ಅಪ್ಪ ಬೆವರಿದರು. ಮೊರಿತಾ-ಸಾನ್ ಬಗ್ಗಿ ಬಗ್ಗಿ ಕ್ಷಮೆ ಕೇಳಿದರು.

"ಅಭಿಷೇಕ ಕಾರಿಗೆ ಮಾಡೋದಲ್ವೇನೋ, ನನಗ್ಯಾಕೆ?" ಅಂತ ಅಜ್ಜಿ ಅಪ್ಪನನ್ನು ಕೇಳಿದರು. ಚೆನ್ನಾಗಿ ಜಪಾನಿ ಬರುತ್ತಿದ್ದದ್ದು ಅಲ್ಲಿನ ಶಾಲೆಗೆ ಹೋಗುತ್ತಿದ್ದ ನನಗೊಬ್ಬಳಿಗೇ. "ಸೆಕೆಯಿತ್ತು, ತಂಪಾಯಿತು ಅಂತಾರೆ" ಎಂದು ಮೊರಿತಾ-ಸಾನ್‌ಗೆ ಅನುವಾದಿಸಿದೆ.

ಕಾರು ಸಮುದ್ರದ ದಂಡೆಗುಂಟ ಕೆಮ್ಮುತ್ತಾ ಹೋಯಿತು. ಮುಂದಿನ ಸೀಟಿನಲ್ಲಿ ಅಜ್ಜಿ ಸೆರಗನ್ನು ಗಾಳಿಗೆ ಹಿಡಿದು, ದಾರಿಹೋಕರಿಗೆಲ್ಲ ಕೈಬೀಸಿದರು. ಮ್ಯೂಸಿಯಂ ಗೇಟಿನಲ್ಲಿ ಕಾರು ನಿಂತಿತು. ಮೊರಿತಾ-ಸಾನ್ ಸ್ಟೀರಿಂಗ್ ಬಿಡಲೂ ಇಲ್ಲ, ಇಳಿಯಲೂ ಇಲ್ಲ. ಅಜ್ಜಿ ಅವರ ಮುಖವನ್ನೇ ನೋಡಿ ನನಗೆ ಹೇಳಿದರು: "ಸೀರೆ ಇನ್ನೂ ಒಣಗಿಲ್ಲ, ಇನ್ನೊಂದು ರೌಂಡ್ ಹೋಗೋಣ ಅನ್ನು."

ನಾನು ಸೆರಗು ಮುಟ್ಟಿ ನೋಡಿದೆ, ಗರಿಗರಿಯಾಗಿ ಒಣಗಿತ್ತು. ಆದರೂ ಈ ಸಲ ಒಂದಕ್ಷರ ಬದಲಿಸದೆ ಅನುವಾದಿಸಿದೆ. ಮೊರಿತಾ-ಸಾನ್ ಕಾರನ್ನು ಮತ್ತೆ ಸಮುದ್ರದ ಕಡೆ ತಿರುಗಿಸಿದರು.